ಕೆಲಸ ಇದೆ ಅಂದರೆ ವಾಪಸ್

ಎಲ್ಲಿಸ್ ದ್ವೀಪ ನೋಡಲೇಬೇಕು ಅಂತ ಹಟ ಹಿಡಿದಿದ್ದು ಅಪ್ಪ. ಮೈಸೂರಿನಿಂದ ಬಂದವರು, ಇಲ್ಲ ಅನ್ನೋಕಾಗುತ್ತಾ? ನ್ಯೂಯಾರ್ಕಿಗೆ ಬಂದ ನೆಂಟರಿಗೆಲ್ಲ ಲಿಬರ್ಟಿ ಪ್ರತಿಮೆ ತೋರಿಸಿ ನನಗೆ ಸಾಕಾಗಿತ್ತು. ಅದೇ ದೋಣಿ ಎಲ್ಲಿಸ್‌ನಲ್ಲೂ ನಿಲ್ಲುತ್ತದೆ, ಆದರೆ ನಾವು ಇಳಿಯುತ್ತಲೇ ಇರಲಿಲ್ಲ.

ವಲಸೆ ಬರುವವರ ತಪಾಸಣೆ ಇಲ್ಲಿ ಶುರುವಾಗಿದ್ದು 1892ರ ಜನವರಿ 1ಕ್ಕೆ. ಮೊದಲು ಇಳಿದವಳು ಐರ್ಲೆಂಡಿನ ಹುಡುಗಿ ಆನಿ ಮೂರ್. ಆಗಿನ ಮರದ ಕಟ್ಟಡ 1897ರಲ್ಲಿ ಸುಟ್ಟುಹೋಯಿತು. ಈಗ ಮ್ಯೂಸಿಯಂ ಆಗಿರುವ ಇಟ್ಟಿಗೆ ಕಟ್ಟಡ 1900ರದ್ದು. ಮೇಲಿನ ಹಾಲ್‌ಗೆ ಹತ್ತುವ ಮೆಟ್ಟಿಲಲ್ಲೇ ಡಾಕ್ಟರುಗಳ ಕಣ್ಣು ಜನರ ಮೇಲೆ. ಏದುಸಿರು ಬಿಟ್ಟರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ‘ಎಚ್’, ಅಂದರೆ ಹೃದಯದ ಅನುಮಾನ. ಕುಂಟಿದರೆ ‘ಎಲ್’. ಇದೆಲ್ಲ ಹಡಗಿನ ತಳದಲ್ಲಿ ಬಂದ ಬಡವರಿಗೆ. ಮೊದಲ ಮತ್ತು ಎರಡನೇ ದರ್ಜೆಯವರನ್ನು ಹಡಗಿನಲ್ಲೇ ಸುಮ್ನೆ ಒಂದು ಸಲ ನೋಡಿ ಬಿಟ್ಟುಬಿಡುತ್ತಿದ್ದರು.

ಅಪ್ಪ ಕಂಬಿ ಹಿಡಿದುಕೊಂಡು ಹತ್ತುತ್ತಿದ್ದರು. “ನಿಮ್ಮ ಮಂಡಿಗೆ ಎಲ್ ಗ್ಯಾರಂಟಿ” ಅಂದರು ಅಮ್ಮ.

ನಾನು ನಿಂತುಬಿಟ್ಟಿದ್ದು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆಗಳ ಹತ್ತಿರ. ಇಲ್ಲಿ ಕೆಲಸ ಗೊತ್ತುಮಾಡಿಕೊಂಡು ಬಂದಿದ್ದೀಯಾ? ಹೌದು ಅಂದರೆ ಕೆಟ್ಟ! ಕಂಪನಿಗಳು ಕರಾರು ಮಾಡಿಕೊಂಡು ಹೊರಗಿನಿಂದ ಅಗ್ಗದ ಕೂಲಿಗಳನ್ನು ತರಿಸುತ್ತವೆ, ಮುಷ್ಕರ ಮುರಿಯುತ್ತವೆ ಅಂತ ಕಾರ್ಮಿಕ ಸಂಘಗಳು ಗಲಾಟೆ ಮಾಡಿದ್ದವು. ಅದಕ್ಕೇ 1885ರ ಕಾನೂನು ಬಂದಿದ್ದು. ಕೆಲಸ ಮೊದಲೇ ಒಪ್ಪಿಕೊಂಡು ಬಂದವರು ವಾಪಸ್. ಹಾಗಂತ ದುಡಿಯೋಕಾಗದವನ ಥರ ಕಂಡರೂ ಕಷ್ಟ. ಸರ್ಕಾರಕ್ಕೆ ಹೊರೆಯಾಗುವವರು ಬೇಡ ಅಂತ 1882ರ ಕಾನೂನು ಹೇಳಿತ್ತು. ರಟ್ಟೆಯಲ್ಲಿ ಬಲ ಇರಬೇಕು, ಕೈಯಲ್ಲಿ ಕೆಲಸ ಇರಬಾರದು. ಇಂಗ್ಲಿಷ್ ಬಾರದ ರೈತನೊಬ್ಬ ಇದಕ್ಕೆ ಏನಂತ ಉತ್ತರ ಕೊಡಬೇಕಿತ್ತೋ!

ನನ್ನದು ಎಚ್-1ಬಿ ವೀಸಾ. ಕಂಪನಿ ಕೆಲಸ ಕೊಟ್ಟಿದೆ ಅನ್ನೋ ಕಾಗದ ಇದ್ದಿದ್ದರಿಂದಲೇ ನನ್ನನ್ನು ಒಳಗೆ ಬಿಟ್ಟಿದ್ದು. ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ, ಇಲ್ಲ ದೇಶ ಬಿಡೋಕೆ ಸಾಮಾನ್ಯವಾಗಿ ಸಿಗೋದು 60 ದಿನ. ಇದನ್ನು ಹೇಳಿದ್ದಕ್ಕೆ ಅಪ್ಪ, “ಆಗಿನ ಕಾಲಕ್ಕೆ ಬಂದಿದ್ರೆ ನಿನ್ನ ಅದೇ ಹಡಗಲ್ಲಿ ವಾಪಸ್ ಕಳಿಸ್ತಿದ್ರು ಅನ್ನು” ಅಂತ ಜೋರಾಗಿ ನಕ್ಕರು. ನನಗೆ ಅಷ್ಟು ನಗು ಬರಲಿಲ್ಲ.

“ನಮ್ಮವರು ಯಾರೂ ಬರ್ತಿರಲಿಲ್ವೇನೋ ಆಗ?” ಅಂದರು ಅಮ್ಮ. ತೀರಾ ಕಮ್ಮಿ. ಏಷ್ಯಾದವರ ಮೇಲೆ ಅನುಮಾನ ಜಾಸ್ತಿ. ಚೀನಾದ ಕೂಲಿಗಳಿಗಂತೂ 1882ರಲ್ಲೇ ಬಾಗಿಲು ಹಾಕಿದ್ದರು. 1893ರಲ್ಲಿ ವಿವೇಕಾನಂದರು ಬಂದಿದ್ದು ಪೆಸಿಫಿಕ್ ಕಡೆಯಿಂದ, ವ್ಯಾಂಕೂವರ್‌ನಲ್ಲಿ ಇಳಿದು ರೈಲಿನಲ್ಲಿ ಶಿಕಾಗೋಗೆ. ಆ 1885ರ ಕಾನೂನಿನಲ್ಲಿ ನಟರು, ಹಾಡುಗಾರರು, ಉಪನ್ಯಾಸಕರು, ಮನೆಗೆಲಸದವರಿಗೆ ವಿನಾಯಿತಿ ಇತ್ತು ಅಂತಲೂ ಹೇಳಿದೆ.

“ಹಾಗಾದ್ರೆ ಸ್ವಾಮೀಜಿ ಪಾಸು” ಅಂದರು ಅಪ್ಪ. “ನಿಮ್ಮಮ್ಮನೂ ಪಾಸು. ಹಾಡ್ತಾಳೆ, ಉಪನ್ಯಾಸವಂತೂ ದಿನಾ ಇರುತ್ತೆ.”