ಕಾಟಾ ಚೀಟಿ ಆ್ಯಪ್: ಈ ಸಲ ಮೆಮೊರಿ, ಫೈಲ್ ಕೆಲಸ

ಗಂಗಾವತಿಯಲ್ಲಿ ಸೋದರಮಾವನ ರೈಸ್ ಮಿಲ್ಲಿಗೆ ಮಾಡ್ತಿರುವ ಕಾಟಾ ಚೀಟಿ (ಗಾಡಿ ತೂಕದ ಚೀಟಿ) ಆ್ಯಪ್‌ನ ಮುಂದಿನ ಕಂತು ಇದು. ಈ ಸಲ ಸ್ಕ್ರೀನ್ ಮುಟ್ಟಿಲ್ಲ, ಕೆಲಸವೆಲ್ಲ ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಸರ್ವರ್ ಒಳಗೇ.

ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ, 75 ಕೆ.ಜಿ. ಲೆಕ್ಕದಲ್ಲಿ ಎಷ್ಟು ಚೀಲ ಭತ್ತ, ಇದೆಲ್ಲ ಹಲವು ರೂಟ್‌ಗಳಿಗೆ (ಸರ್ವರ್‌ಗೆ ಬರುವ ಬೇರೆ ಬೇರೆ ಕೋರಿಕೆ ನೋಡಿಕೊಳ್ಳುವ ಕೋಡ್‌ಗೆ) ಬೇಕು. ಗ್ಲೋಬಲ್‌ದಿಸ್ (ಇಡೀ ಪ್ರೋಗ್ರಾಂಗೆ ಕಾಣುವ ಆಬ್ಜೆಕ್ಟ್) ಮೇಲೆ ಹಾಕಿದರೆ ಎಲ್ಲಿಂದಾದರೂ ಸಿಗುತ್ತದೆ, ನಿಜ. ಆದರೆ ಅದನ್ನು ಎಲ್ಲಿ ಯಾರು ತಿದ್ದಿದರು ಅಂತ ಆಮೇಲೆ ಹುಡುಕ್ತಾ ಕೂರೋರು ಯಾರು? ಅದಕ್ಕೇ ಲೆಕ್ಕಕ್ಕೆ ಒಂದು ಮಾಡ್ಯೂಲ್, ಅಂದರೆ ಬೇರೆಯದೇ ಕೋಡ್ ಫೈಲ್. ಮೊದಲ ಸಲ ರಿಕ್ವೈರ್ ಮಾಡಿದಾಗ (ಕರೆಸಿಕೊಂಡಾಗ) ನೋಡ್ ಅದನ್ನು ಓಡಿಸಿ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಮುಂದೆ ಯಾವ ಫೈಲ್ ಕೇಳಿದರೂ ಅದೇ ಆಬ್ಜೆಕ್ಟ್ ಕೊಡುತ್ತದೆ. ಎಂಟ್ರಿಗಳನ್ನು ಇಟ್ಟಿರುವ ಮ್ಯಾಪ್ (ಕೀ-ಮೌಲ್ಯ ಜೋಡಿಗಳ ಪಟ್ಟಿ) ಮಾಡ್ಯೂಲ್ ಒಳಗೇ ಇರುತ್ತದೆ, ಹೊರಗೆ ಬಿಟ್ಟಿರುವುದು ಸೇರಿಸುವ ಮತ್ತು ಓದುವ ಫಂಕ್ಷನ್ ಅಷ್ಟೇ.

ಇದೆಲ್ಲ ಒಂದೇ ಪ್ರೋಸೆಸ್ ಇದ್ದಾಗ ಮಾತ್ರ. ಕ್ಲಸ್ಟರ್ ಮಾಡಿದರೆ, ಅಂದರೆ ಅದೇ ಸರ್ವರನ್ನು ಹಲವು ಪ್ರೋಸೆಸ್ ಆಗಿ ಓಡಿಸಿದರೆ, ಪ್ರತಿ ವರ್ಕರ್‌ಗೂ ಬೇರೆ ಮೆಮೊರಿ. ಒಂದು ಮಿಲ್ಲಿನ ಗೇಟಿಗೆ ಕ್ಲಸ್ಟರ್ ಯಾಕೆ ಬೇಕು, ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಫೈಲ್ ಬರೆಯೋದು. ನೋಡ್‌ನ ರೈಟ್‌ಫೈಲ್ ಫಂಕ್ಷನ್ ಮೊದಲು ಹಳೇ ಫೈಲನ್ನು ಖಾಲಿ ಮಾಡಿ ಆಮೇಲೆ ಹೊಸದು ಬರೆಯುತ್ತದೆ, ನಡುವೆ ಕರೆಂಟ್ ಹೋಯ್ತು ಅಂದರೆ ಉಳಿಯೋದು ಅರ್ಧ ಜೆಸನ್ (ಡೇಟಾ ಇಡುವ ಪಠ್ಯ ರೂಪ), ಅದನ್ನು ಪಾರ್ಸ್ ಮಾಡೋಕೂ ಬರಲ್ಲ. ಹಾಗಾಗಿ ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಫೈಲ್ ಬರೆದು, ಸಿಂಕ್ ಮಾಡಿ (ಡಿಸ್ಕ್‌ಗೆ ನಿಜವಾಗಿ ಬರೆಯಿಸಿ), ಮುಚ್ಚಿ, ಕೊನೆಗೆ ಹಳೇ ಹೆಸರಿಗೆ ರೀನೇಮ್. ಲಿನಕ್ಸ್‌ನಲ್ಲಿ ಈ ರೀನೇಮ್ ಒಂದೇ ಏಟಿಗೆ ಆಗುತ್ತದೆ, ಓದುವವರಿಗೆ ಪೂರ್ತಿ ಹಳೇದು ಸಿಗುತ್ತದೆ, ಇಲ್ಲ ಪೂರ್ತಿ ಹೊಸದು. ಅದೇ ಫೋಲ್ಡರ್ ಯಾಕೆ ಅಂದರೆ, ಟೆಂಪ್ ಫೋಲ್ಡರ್ ಬೇರೆ ಪಾರ್ಟಿಷನ್‌ನಲ್ಲಿದ್ದರೆ ರೀನೇಮ್ ಎರರ್ ಕೊಡುತ್ತದೆ.

ಎರಡು ಗಾಡಿ ಒಟ್ಟಿಗೆ ಬಂದರೆ? ಒಂದು ಬರೆದು ಮುಗಿಯುವ ಮೊದಲೇ ಅದೇ ಫೈಲಿಗೆ ಇನ್ನೊಂದು ರೈಟ್‌ಫೈಲ್ ಕರೆಯಬೇಡಿ ಅಂತ ನೋಡ್ ದಾಖಲೆಯಲ್ಲೇ ಇದೆ. ಅದಕ್ಕೆ ಒಂದು ಪ್ರಾಮಿಸ್ (ಆಮೇಲೆ ಮುಗಿಯುವ ಕೆಲಸದ ಗುರುತು) ಸರಪಳಿ ಇಟ್ಟೆ, ಪ್ರತಿ ಸೇವ್ ಹಿಂದಿನದು ಮುಗಿದ ಮೇಲೇ ಶುರು. ಕ್ಯಾಚ್ (ಎರರ್ ಹಿಡಿಯುವ ಭಾಗ) ಮಾತ್ರ ಇರಲೇಬೇಕು, ಇಲ್ಲಾಂದ್ರೆ ಒಂದು ಸೇವ್ ಕೈಕೊಟ್ಟರೆ ಮುಂದಿನವೆಲ್ಲ ನಿಂತುಬಿಡುತ್ತವೆ.

ಸುಮ್ನೆ ಸಾಲುಸಾಲಾಗಿ ಎಂಟ್ರಿ ತಳ್ಳುವ ಸ್ಕ್ರಿಪ್ಟ್ ಬಿಟ್ಟು ನಡುವೆ ಕಿಲ್ -9 (ಪ್ರೋಸೆಸನ್ನು ತಕ್ಷಣ ಕೊಲ್ಲುವ ಕಮಾಂಡ್) ಹೊಡೆದು ನೋಡಿದೆ, ಫೈಲ್ ಪ್ರತಿ ಸಲವೂ ಸರಿಯಾಗೇ ತೆರೆಯಿತು. ಆದರೆ ಪ್ರೋಸೆಸ್ ಸಾಯೋದೂ ಕರೆಂಟ್ ಹೋಗೋದೂ ಒಂದೇ ಅಲ್ಲ, ಸಿಂಕ್ ಇಟ್ಟಿರೋದು ಎರಡನೆಯದಕ್ಕೆ. ಪ್ಲಗ್ ಕಿತ್ತು ನೋಡೋಣ ಅಂದರೆ ಮಾವ ಒಪ್ಪುತ್ತಿಲ್ಲ.

ನೋಡ್‌ಮನ್ (ಫೈಲ್ ಬದಲಾದರೆ ಸರ್ವರ್ ತಾನೇ ರೀಸ್ಟಾರ್ಟ್ ಮಾಡುವ ಟೂಲ್) ಬಳಸೋರಿಗೆ ಒಂದು ಮಾತು: ಅದು ಜೆಸನ್ ಫೈಲುಗಳನ್ನೂ ಕಾಯುತ್ತದೆ. ಡೇಟಾ ಫೈಲ್ ಪ್ರಾಜೆಕ್ಟ್ ಒಳಗಿದ್ದರೆ ಪ್ರತಿ ಸೇವ್‌ಗೂ ಸರ್ವರ್ ರೀಸ್ಟಾರ್ಟ್, ಮೆಮೊರಿಯಲ್ಲಿದ್ದದ್ದು ಮಾಯ. ನನ್ನ ಡೇಟಾ ಫೋಲ್ಡರ್ ಹೊರಗಿದೆ.

ಈಗ ಪ್ರತಿ ಎಂಟ್ರಿಗೂ ಇಡೀ ಫೈಲ್ ಮತ್ತೆ ಬರೆಯುತ್ತಿದೆ. ಸುಗ್ಗಿಯಲ್ಲಿ ಲಾರಿ ಸಾಲು ಹಚ್ಚಿದರೆ ಇದು ಭಾರವಾಗಬಹುದು, ಆಗ ನೋಡ್ 22.5ರಲ್ಲಿ ಒಳಗೇ ಬಂದಿರುವ ಡೇಟಾಬೇಸ್ ಎಸ್‌ಕ್ಯೂಎಲ್‌ಲೈಟ್‌ಗೆ ಹೋಗುವ ಯೋಚನೆ ಇದೆ.