ಸಾವಿನ ಮನೆಗೆ ಫೋನ್ ಮಾಡಿ ಕೇಳಲು ಬಾಯಿ ಹೇಗೆ ಬರುತ್ತದೆ?

ನನ್ನ ಕೆಲಸ ಏನೆಂದು ತಿಳಿದ ಕೂಡಲೇ ಬಹುತೇಕರು ಕೇಳುವುದು ಇದನ್ನೇ: "ಈಗಷ್ಟೇ ಸಾವಾದ ಮನೆಗೆ ಫೋನ್ ಮಾಡಿ ಕಣ್ಣು ಕೊಡಿ, ಚರ್ಮ ಕೊಡಿ ಎನ್ನಲು ಬಾಯಾದರೂ ಹೇಗೆ ಬರುತ್ತದೆ? ಅದನ್ನು ಬೇರೆ ಕಲಿಸುತ್ತೀರಾ?" ಹೌದು, ನರ್ಸುಗಳಿಗೆ, ದಾನ ಸಂಯೋಜಕರಿಗೆ, ನೇತ್ರ ಬ್ಯಾಂಕಿನ ಸಿಬ್ಬಂದಿಗೆ ಅದನ್ನೇ ಕಲಿಸುತ್ತೇನೆ. ಅವರೂ ತರಗತಿಗೆ ಬರುವಾಗ ಇದೇ ಪ್ರಶ್ನೆ ಹೊತ್ತು ಬಂದಿರುತ್ತಾರೆ.

ಫೋನೇ ಏಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಿದುಳು ನಿಷ್ಕ್ರಿಯಗೊಂಡವರ ಮೂತ್ರಪಿಂಡ, ಯಕೃತ್ತಿನ ವಿಷಯವಾದರೆ ಮನೆಯವರು ತೀವ್ರ ನಿಗಾ ಘಟಕದ ಹೊರಗೇ ಇರುತ್ತಾರೆ. ಎದುರು ಕುಳಿತೇ ಮಾತನಾಡಬೇಕು. 2020ರಲ್ಲಿ ಕೋವಿಡ್ ಬಂದು ಆಸ್ಪತ್ರೆಗಳ ಬಾಗಿಲು ಮುಚ್ಚಿದಾಗ ಆ ಮಾತುಕತೆಯೂ ಹಲವೆಡೆ ಫೋನಿಗೆ ಇಳಿಯಿತು. ಆದರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ), ಚರ್ಮ, ಮೂಳೆ, ಹೃದಯದ ಕವಾಟಗಳನ್ನು ಹೃದಯ ನಿಂತ ಮೇಲೂ ಪಡೆಯಬಹುದು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮನೆಯವರು ಆಸ್ಪತ್ರೆಯಿಂದ ಹೊರಟುಹೋಗಿರುತ್ತಾರೆ. ಕಾರ್ನಿಯಾವನ್ನು 6 ಗಂಟೆಯೊಳಗೆ ತೆಗೆಯುವುದು ಹಲವೆಡೆ ರೂಢಿ. ದೇಹವನ್ನು ತಂಪಿನಲ್ಲಿಟ್ಟಿದ್ದರೆ ಕೆಲವೆಡೆ 24 ಗಂಟೆಯವರೆಗೂ ಅವಕಾಶವಿದೆ. ನಾಳೆ ಬಂದು ಭೇಟಿಯಾಗುತ್ತೇವೆ ಎನ್ನುವಂತಿಲ್ಲ.

ಇನ್ನು ಬಾಯಿಯ ವಿಷಯ. ನಾನು ಕಂಡಂತೆ ಮನೆಯವರಿಗೆ ಕಷ್ಟ ಕೊಡುವುದು ಪ್ರಶ್ನೆಗಿಂತ ಹೆಚ್ಚಾಗಿ ಕೇಳುವವರ ಮುಜುಗರ. ಹೊಸಬರು ಒಂದೇ ಉಸಿರಿಗೆ, "ಇಂಥ ಹೊತ್ತಿನಲ್ಲಿ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ, ಕೇಳಲೇಬೇಕೆಂಬ ನಿಯಮವಿದೆ, ನೀವು ಬೇಡವೆಂದರೂ ಪರವಾಗಿಲ್ಲ" ಎಂದುಬಿಡುತ್ತಾರೆ. ಕೇಳಲು ವಿನಯವಾಗಿಯೇ ಇದೆ. ಆದರೆ ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ಮೊದಲೇ ಸಾರಿದಂತಾಯಿತು. ಆಚೆಯಿರುವ ಮಗ "ಬೇಡ ಬಿಡಿ" ಎಂದು ಕರೆ ಮಾಡಿದವರನ್ನೇ ಸಂಕಟದಿಂದ ಬಿಡಿಸುತ್ತಾನೆ. ಅದು ಅವನ ತೀರ್ಮಾನವಲ್ಲ, ಅವನ ಸೌಜನ್ಯ. ಇದರ ತದ್ವಿರುದ್ಧ ತುದಿಯಲ್ಲಿ "ನಿಮ್ಮ ತಂದೆ ಇನ್ನಿಬ್ಬರ ಕಣ್ಣಲ್ಲಿ ಬದುಕಿರುತ್ತಾರೆ" ಎನ್ನುವವರಿದ್ದಾರೆ. ಆ ವಾಕ್ಯವನ್ನು ಎಲ್ಲೇ ಕಂಡರೂ ಹೊಡೆದುಹಾಕುತ್ತೇನೆ. ದಾನದಿಂದ ಇಬ್ಬರಿಗೆ ದೃಷ್ಟಿ ಬರಬಹುದು ಎಂಬುದು ಮಾಹಿತಿ, ಮೇಲಿನದು ಒತ್ತಡ.

ಅಭ್ಯಾಸಕ್ಕೆ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಇಡುತ್ತೇನೆ. ಒಬ್ಬರು ಸತ್ತವರ ಮಗಳು, ಕಾರು ಓಡಿಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಸಾವಿನ ಸುದ್ದಿ ಅವಳಿಗೆ ಮುಟ್ಟಿದೆಯೇ ಎಂಬುದನ್ನು ಕರೆ ಮಾಡುವ ಮೊದಲೇ ಖಚಿತಪಡಿಸಿಕೊಂಡಿರಬೇಕು. ನಮ್ಮ ಬಾಯಿಂದ ಅದು ತಿಳಿಯಬಾರದು. ಫೋನ್ ಎತ್ತಿದ ಮೇಲೆ ಮೊದಲ ಮಾತು, "ಈಗ ಎಲ್ಲಿದ್ದೀರಿ? ಜೊತೆಯಲ್ಲಿ ಯಾರಾದರೂ ಇದ್ದಾರೆಯೇ?" ಗಾಡಿ ಪಕ್ಕಕ್ಕೆ ನಿಲ್ಲುವವರೆಗೆ ಮುಂದಿನ ಮಾತಿಲ್ಲ. ಆಮೇಲೆ ವಿಷಯವನ್ನು ನೇರವಾಗಿ ತಿಳಿಸಿ ಸುಮ್ಮನಾಗಬೇಕು. ಈ ಸುಮ್ಮನಾಗುವುದನ್ನು ಕಲಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಮುಖ ಕಾಣದಿರುವಾಗ ಐದು ಸೆಕೆಂಡು ಸದ್ದಿಲ್ಲದಿದ್ದರೆ ಲೈನ್ ಕಡಿದುಹೋಯಿತೇನೋ ಎನಿಸಿ, ಕಾರ್ನಿಯಾ ಎಂದರೇನು ಎಂಬ ಪಾಠ ಶುರುವಾಗಿಬಿಡುತ್ತದೆ. "ನಾನು ಲೈನಿನಲ್ಲೇ ಇದ್ದೇನೆ" ಎಂದಷ್ಟೇ ಹೇಳಿದರೆ ಸಾಕು. ಅವಸರವಿಲ್ಲ ಎಂದು ಸುಳ್ಳು ಹೇಳಬೇಕಾಗಿಯೂ ಇಲ್ಲ. "ಸಂಜೆ ಐದರೊಳಗೆ ತಿಳಿಸಿದರೆ ಆಗುತ್ತದೆ. ಅಣ್ಣನನ್ನು ಕೇಳಿ ನೋಡಿ, ನಾಲ್ಕಕ್ಕೆ ನಾನೇ ಕರೆ ಮಾಡಲೇ?" ಎನ್ನಬಹುದು.

ಮನೆಯವರ ಪ್ರಶ್ನೆಗಳಿಗೆ ಉತ್ತರಿಸುವುದು ಅಷ್ಟೇನೂ ಕಷ್ಟವಲ್ಲ. ಮುಖ ವಿಕಾರವಾಗುತ್ತದೆಯೇ? ಇಲ್ಲ, ರೆಪ್ಪೆ ಮುಚ್ಚಿ ಮೊದಲಿನಂತೆಯೇ ಕಾಣುವ ಹಾಗೆ ಮಾಡುತ್ತಾರೆ. ಕನ್ನಡಕವಿತ್ತು, ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು ಎಂದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲದ ಕಾರಣ ಕ್ಯಾನ್ಸರಿನಿಂದ ತೀರಿಕೊಂಡ ಅನೇಕರ ಕಣ್ಣೂ ಉಪಯೋಗಕ್ಕೆ ಬರುತ್ತದೆ. ರಕ್ತದ ಕ್ಯಾನ್ಸರ್ ಅಥವಾ ಕಣ್ಣಿನದೇ ಕೆಲವು ಬಗೆಯ ಕ್ಯಾನ್ಸರ್ ಆಗಿದ್ದರೆ ಆಗುವುದಿಲ್ಲ.

ನಿಜವಾದ ಕಷ್ಟ "ಆಗಲಿ" ಎಂದ ಮೇಲೆ. ಆರೋಗ್ಯದ ಪೂರ್ವವೃತ್ತಾಂತ ಕೇಳಬೇಕು. ಹಚ್ಚೆ ಹಾಕಿಸಿಕೊಂಡಿದ್ದರೇ, ಮಾದಕ ವಸ್ತುವಿನ ಚುಚ್ಚುಮದ್ದು ತೆಗೆದುಕೊಂಡಿದ್ದರೇ, ಲೈಂಗಿಕ ಸಂಪರ್ಕಗಳು ಎಂಥವು? ಅಪ್ಪನ ಬಗ್ಗೆ ಇಂಥದ್ದನ್ನೆಲ್ಲ ಮಗನಿಗೆ ಕೇಳಬೇಕು. ಅಂಗಾಂಶ ಪಡೆಯುವವರಿಗೆ ಸೋಂಕು ತಗಲಬಾರದೆಂದೇ ಇದು. ಬಹಳ ಹೊತ್ತು ಹಿಡಿಯುತ್ತದೆ, ಕೆಲವು ಪ್ರಶ್ನೆಗಳು ಖಾಸಗಿ, ಎಲ್ಲರನ್ನೂ ಇವನ್ನೇ ಕೇಳುತ್ತೇವೆ, ಕರೆ ಧ್ವನಿಮುದ್ರಣವಾಗುತ್ತಿದೆ ಎಂದು ಮೊದಲೇ ಹೇಳಿರಬೇಕು. ಅಭ್ಯಾಸದ ಧ್ವನಿಮುದ್ರಣ ಕೇಳಿಸುವಾಗ ನಾನು ತಪ್ಪದೆ ನಿಲ್ಲಿಸುವುದು ಲೈಂಗಿಕ ಸಂಪರ್ಕದ ಪ್ರಶ್ನೆಯ ಬಳಿ. ಸಕ್ಕರೆ ಕಾಯಿಲೆ ಇತ್ತೇ ಎಂದು ಗಟ್ಟಿಯಾಗಿ ಕೇಳಿದವರ ದನಿ ಅಲ್ಲಿ ಪಿಸುಮಾತಾಗಿರುತ್ತದೆ. ಎರಡನ್ನೂ ಒಂದೇ ದನಿಯಲ್ಲಿ ಕೇಳುವವರೆಗೆ ಮತ್ತೆ ಮತ್ತೆ ಹೇಳಿಸುತ್ತೇನೆ.

ಎಷ್ಟು ಜನ ಒಪ್ಪಿದರು ಎಂಬ ಲೆಕ್ಕದಿಂದ ಸಿಬ್ಬಂದಿಯನ್ನು ಅಳೆಯುವುದು ನನಗೆ ಸರಿಕಾಣುವುದಿಲ್ಲ. ಮುಖ ಕೆಡುತ್ತದೆ ಎಂಬ ಭಯಕ್ಕೆ "ಬೇಡ" ಎಂದಿದ್ದರೆ ಒಮ್ಮೆ ವಿವರಿಸಬಹುದು. ವಿಷಯ ತಿಳಿದೂ "ಬೇಡ" ಎಂದರೆ ಅಲ್ಲಿಗೆ ಮುಗಿಯಿತು, ಕಾರಣ ಕೆದಕಬಾರದು. ಆದರೆ ತಟ್ಟನೆ ಫೋನ್ ಇಡುವುದೂ ಬೇಡ. ಮರಣ ಪ್ರಮಾಣಪತ್ರಕ್ಕೆ ಯಾರನ್ನು ಕಾಣಬೇಕು, ಸತ್ತವರ ವಸ್ತುಗಳು ಆಸ್ಪತ್ರೆಯಲ್ಲಿ ಎಲ್ಲಿ ಸಿಗುತ್ತವೆ ಎಂದು ಕೇಳುವವರಿರುತ್ತಾರೆ. "ಆಗಲಿ" ಎಂದವರಿಗೆ ಹೇಳುವಷ್ಟೇ ವಿವರವಾಗಿ ಇವರಿಗೂ ಹೇಳಬೇಕು.