ಸ್ಕ್ರೀನ್ ಮೇಲೆ 'ಪೇಯ್ಡ್' ಅಂತ ಇದ್ದರೆ ಸಾಲದು

ನಾನು ಮೈಸೂರಿನಲ್ಲಿ ಕೂತು ಅಮೆರಿಕದ ಮನೆಗಳ ತೆರಿಗೆ ನೋಡುವ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಅಲ್ಲಿ ಯಾರಾದರೂ ಮನೆ ಕೊಂಡರೆ, ಮಾರಿದರೆ, ಮನೆ ಮೇಲೆ ಸಾಲ ತೆಗೆದರೆ, ಆ ಮನೆಯ ತೆರಿಗೆ ಬಾಕಿ ಇದೆಯಾ ಅಂತ ಮೊದಲು ಗೊತ್ತಾಗಬೇಕು. ಆ ಕೆಲಸ ರಾತ್ರಿ ಪಾಳಿಯಲ್ಲಿ ನಮ್ಮಂಥವರ ಟೇಬಲ್ಲಿಗೆ ಬರುತ್ತದೆ. ನಾವು ಅದನ್ನು ಆರ್ಡರ್ ಅನ್ನುತ್ತೇವೆ. ವಿಳಾಸ ಬರುತ್ತದೆ. ಕೌಂಟಿ ಸೈಟ್ ತೆಗೆದು ಪಾರ್ಸೆಲ್ ನಂಬರ್, ಅಂದರೆ ಆ ಜಾಗದ ಗುರುತಿನ ಸಂಖ್ಯೆ ಹುಡುಕುತ್ತೇವೆ. ತೆರಿಗೆ ಎಷ್ಟು, ಕಟ್ಟಿದ್ದಾರಾ, ಮುಂದಿನ ಗಡುವು ಯಾವಾಗ ಅಂತ ಬರೆದು ಕಳಿಸುತ್ತೇವೆ.

ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯ ಹಾಗೆ. ಅಂಥವು ಮೂರು ಸಾವಿರಕ್ಕೂ ಜಾಸ್ತಿ ಇವೆ. ಲೂಸಿಯಾನಾದಲ್ಲಿ ಅದಕ್ಕೆ ಪ್ಯಾರಿಶ್ ಅನ್ನುತ್ತಾರೆ. ಕನೆಕ್ಟಿಕಟ್, ನ್ಯೂಜೆರ್ಸಿ ಕಡೆ ತೆರಿಗೆ ಕಟ್ಟಿಸಿಕೊಳ್ಳುವುದು ಕೌಂಟಿ ಅಲ್ಲ, ಆಯಾ ಊರಿನ ಆಫೀಸು. ಇದೆಲ್ಲ ತಿಂಗಳೊಪ್ಪತ್ತಿನಲ್ಲಿ ಬಾಯಿಪಾಠ ಆಗುತ್ತದೆ. ನನಗೆ ಕಲಿಯಲು ಕಷ್ಟವಾಗಿದ್ದು ಬೇರೆಯೇ.

ಎರಡನೇ ವರ್ಷದ ಮಾರ್ಚ್ ತಿಂಗಳು. ಹ್ಯೂಸ್ಟನ್ ಹತ್ತಿರದ ಒಂದು ಹೊಸ ಬಡಾವಣೆಯ ಮನೆ. ಕೌಂಟಿಯ ತೆರಿಗೆ ಸೈಟಿನಲ್ಲಿ ಬಾಕಿ ಸೊನ್ನೆ ಅಂತ ತೋರಿಸುತ್ತಿತ್ತು. ಜನವರಿಯಲ್ಲೇ ಕಟ್ಟಿದ ರಸೀದಿಯೂ ಇತ್ತು. ನಾನು 'ಪೇಯ್ಡ್' ಅಂತ ಬರೆದು ಕಳಿಸಿದೆ. ಮನೆ ಮಾರಾಟ ಆಯಿತು.

ಜೂನ್‌ನಲ್ಲಿ ಆ ಆರ್ಡರ್ ವಾಪಸ್ ಬಂತು. ಕೊಂಡವರಿಗೆ ಇನ್ನೊಂದು ಆಫೀಸಿನಿಂದ ನೋಟಿಸ್ ಬಂದಿತ್ತು. ಬಾಕಿ 2,400 ಡಾಲರ್, ಅದರ ಮೇಲೆ ದಂಡ, ಬಡ್ಡಿ ಸೇರಿ 360. ಅವರು ಬರೆದಿದ್ದ ಮೇಲ್ ನಮಗೂ ಬಂತು. 'ಸಹಿ ಹಾಕುವಾಗ ಏನಾದರೂ ಬಾಕಿ ಇದೆಯಾ ಅಂತ ಮೂರು ಸಲ ಕೇಳಿದ್ದೆ' ಅಂತ ಅದರಲ್ಲಿತ್ತು. ಅವರಿಗೆ ಇಲ್ಲ ಅಂತ ಹೇಳಿಸಿದ್ದು ನನ್ನ ಕಾಗದ. ಹಣವನ್ನು ನಮ್ಮ ಕಂಪನಿಯೇ ಕಟ್ಟಿಕೊಟ್ಟಿತು. ಆದರೆ ಆ ಸಾಲು ನನಗೆ ಇವತ್ತಿಗೂ ಮರೆತಿಲ್ಲ.

ಏನಾಗಿತ್ತು ಅಂದರೆ, ಟೆಕ್ಸಾಸ್‌ನಲ್ಲಿ ಒಂದು ಮನೆಗೆ ತೆರಿಗೆ ಹಾಕುವವರು ಒಬ್ಬರಲ್ಲ. ಕೌಂಟಿ ಹಾಕುತ್ತದೆ, ಅಲ್ಲಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಹಾಕುತ್ತದೆ, ಊರು ಹಾಕುತ್ತದೆ. ಊರಿನ ಮಿತಿಯ ಹೊರಗೆ ಎದ್ದ ಹೊಸ ಬಡಾವಣೆಗಳಲ್ಲಿ ನೀರು, ಒಳಚರಂಡಿ ಮಾಡಿಸಲು ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಅಂತ ಒಂದಿರುತ್ತದೆ. ಬಾಯಿಮಾತಿನಲ್ಲಿ 'ಮಡ್'. ಪೈಪು ಹಾಕಿಸಲು ಎತ್ತಿದ ಸಾಲವನ್ನು ಅದು ಮನೆಗಳ ಮೇಲಿನ ತೆರಿಗೆಯಿಂದ ತೀರಿಸುತ್ತದೆ. ಎಷ್ಟೋ ಕಡೆ ಮಡ್ ತೆರಿಗೆಯನ್ನು ಕೌಂಟಿ ಕಟ್ಟಿಸಿಕೊಳ್ಳುವುದೇ ಇಲ್ಲ. ಅದಕ್ಕೆ ಬೇರೆ ಕಲೆಕ್ಟರ್, ಬೇರೆ ಬಿಲ್ಲು, ಬೇರೆ ಸೈಟು. ನಾನು ನೋಡಿದ ಸೊನ್ನೆ ಸುಳ್ಳಾಗಿರಲಿಲ್ಲ. ಅದು ಕೌಂಟಿಗೆ ಬರಬೇಕಾದ ಹಣದ ಸೊನ್ನೆ, ಅಷ್ಟೇ.

ಟೆಕ್ಸಾಸ್‌ನ ಗಡುವು ಜನವರಿ 31. ಫೆಬ್ರವರಿ ಒಂದಕ್ಕೆ ದಂಡ 6%, ಬಡ್ಡಿ 1%, ಒಟ್ಟು 7% ಸೇರುತ್ತದೆ. ಆಮೇಲೆ ತಿಂಗಳಿಗೆ 2% ಏರುತ್ತಾ ಜೂನ್ ಹೊತ್ತಿಗೆ 15% ಆಗುತ್ತದೆ. ಜುಲೈನಲ್ಲಿ ಒಮ್ಮೆಲೇ 18%. ಅದರ ಮೇಲೆ ವಸೂಲಿ ವಕೀಲರ ಖರ್ಚು ಅಂತ 20% ತನಕ ಹಾಕಬಹುದು. ಆ ನೋಟಿಸು ಜೂನ್‌ನಲ್ಲೇ ಕೈಗೆ ಸಿಕ್ಕಿದ್ದು ದೊಡ್ಡದು.

ಆಗ ನಮ್ಮ ಕ್ಯೂಸಿ, ಅಂದರೆ ಕಳಿಸುವ ಕೆಲಸದಲ್ಲಿ ತಪ್ಪಿದೆಯಾ ಅನ್ನುವುದನ್ನು ನೋಡುತ್ತಿದ್ದ ಮೇಡಂ ನನ್ನನ್ನು ಬೈಯಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ಬಾಕಿ ಎಷ್ಟು ಅಂತ ಆಮೇಲೆ ನೋಡಮ್ಮ. ಈ ಮನೆ ಮೇಲೆ ಯಾರ್ಯಾರು ತೆರಿಗೆ ಹಾಕ್ತಾರೆ ಅನ್ನೋದನ್ನ ಮೊದಲು ನೋಡು" ಅಂದರು. ಟೆಕ್ಸಾಸ್‌ನಲ್ಲಿ ಮನೆಗೆ ಬೆಲೆ ಕಟ್ಟುವುದು ಅಪ್ರೈಸಲ್ ಡಿಸ್ಟ್ರಿಕ್ಟ್ ಅನ್ನುವ ಬೇರೆ ಸಂಸ್ಥೆ. ಅದರ ಸೈಟಿನಲ್ಲಿ ಆ ಮನೆಗೆ ತೆರಿಗೆ ಹಾಕುವ ಎಲ್ಲರ ಹೆಸರೂ ಸಾಲಾಗಿ ಇರುತ್ತದೆ. ಆ ಪಟ್ಟಿ ಮುಂದಿಟ್ಟುಕೊಂಡು, ಒಂದೊಂದರ ಹಣ ಯಾವ ಕಿಟಕಿಗೆ ಹೋಗುತ್ತದೆ ಅಂತ ಹುಡುಕಬೇಕು. ನಾನು ಆ ಪುಟವನ್ನು ತೆಗೆದೇ ಇರಲಿಲ್ಲ. ನಮ್ಮ ಮೈಸೂರಲ್ಲಿ ಮನೆ ಕಂದಾಯಕ್ಕೆ ಅಪ್ಪ ಪಾಲಿಕೆಯ ಒಂದೇ ಆಫೀಸಿಗೆ ಹೋಗುತ್ತಿದ್ದರು. ಲೆಕ್ಕ ನಾವೇ ಬರೆದುಕೊಡುವುದು, ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಒಂದು ರಸೀದಿ, ಮುಗಿಯಿತು. ಅದೇ ಚಿತ್ರ ತಲೆಯಲ್ಲಿಟ್ಟುಕೊಂಡು ನಾನು ಟೆಕ್ಸಾಸ್ ನೋಡಿದ್ದೆ.

ಅಲ್ಲಿಂದ ಈಚೆಗೆ 'ಪೇಯ್ಡ್' ಅನ್ನುವ ಪದ ಕಂಡರೆ ನನಗೆ ಪ್ರಶ್ನೆ ಏಳುತ್ತದೆ. ಯಾರಿಗೆ ಕಟ್ಟಿದ್ದು? ಯಾವ ವರ್ಷದ್ದು? ಕಟ್ಟಿದವರು ಯಾರು?

ವರ್ಷದ ವಿಷಯಕ್ಕೆ ಶಿಕಾಗೋ ಇರುವ ಕುಕ್ ಕೌಂಟಿ ಒಳ್ಳೆಯ ಉದಾಹರಣೆ. ಅಲ್ಲಿ ಹೋದ ವರ್ಷದ ತೆರಿಗೆಯನ್ನು ಈ ವರ್ಷ ಕಟ್ಟುತ್ತಾರೆ. 2024ರ ಬಿಲ್ಲು ಬರುವುದೇ 2025ರಲ್ಲಿ. ಅದರ ಮೊದಲ ಕಂತು ಅಂದರೆ ಹಿಂದಿನ ವರ್ಷದ ಒಟ್ಟು ತೆರಿಗೆಯ 55%. ನಿಜವಾದ ಲೆಕ್ಕ ಎರಡನೇ ಕಂತಿನಲ್ಲಿ ಬರುತ್ತದೆ. ಹಾಗಾಗಿ ಸೈಟಿನಲ್ಲಿ ಎಲ್ಲ ಕಟ್ಟಿದೆ ಅಂತ ಇದ್ದರೂ, ಮಾರುವವರು ಆ ಮನೆಯಲ್ಲಿ ಬಾಳಿದ ಇಷ್ಟು ತಿಂಗಳ ತೆರಿಗೆ ಇನ್ನೂ ಹುಟ್ಟೇ ಇರುವುದಿಲ್ಲ. ಅದನ್ನು ಮಾರಾಟದ ದಿನ ಅಂದಾಜು ಹಾಕಿ, ಅಷ್ಟು ಹಣವನ್ನು ಮಾರುವವರು ಕೊಳ್ಳುವವರಿಗೆ ಬಿಟ್ಟುಕೊಡುತ್ತಾರೆ. ನಾವು ವರ್ಷ ತಪ್ಪಾಗಿ ಬರೆದರೆ ಆ ಅಂದಾಜೇ ಹಾಳು.

ಅದೇ ಕೌಂಟಿಯಲ್ಲಿ ಹೊಸಬರು ತಪ್ಪುವ ಇನ್ನೊಂದು ಜಾಗ ಇದೆ. ವಾಸದ ಮನೆಗೆ ಮಾರುಕಟ್ಟೆ ಬೆಲೆಯ 10% ಮಾತ್ರ ಅಸೆಸ್ಡ್ ವ್ಯಾಲ್ಯೂ, ಅಂದರೆ ತೆರಿಗೆ ಲೆಕ್ಕಕ್ಕೆ ಹಿಡಿಯುವ ಬೆಲೆ. 3 ಲಕ್ಷ ಡಾಲರ್ ಮನೆಗೆ 30,000. ಅದನ್ನು ರಾಜ್ಯ ಕೊಡುವ ಒಂದು ಅಂಕಿಯಿಂದ ಗುಣಿಸುತ್ತಾರೆ. ಆ ಅಂಕಿ 3ರ ಆಸುಪಾಸು ಇರುತ್ತದೆ, 90,000 ಅಂದುಕೊಳ್ಳಿ. ಮಾಲೀಕರೇ ವಾಸ ಇದ್ದರೆ 10,000 ಕಳೆಯುತ್ತಾರೆ. ಉಳಿದ 80,000ದ ಮೇಲೆ ತೆರಿಗೆ ದರ. ದರ 7% ಇದ್ದರೆ 5,600 ಡಾಲರ್. ಆ 30,000 ನೋಡಿ ಮನೆ ಇಷ್ಟು ಅಗ್ಗವಾ ಅಂತ ಒಬ್ಬ ಹುಡುಗ ಕೇಳಿದ್ದ. ಕೇಳಿದ್ದು ಒಳ್ಳೆಯದಾಯಿತು. ಕೇಳದೇ ಅದನ್ನೇ ಮಾರುಕಟ್ಟೆ ಬೆಲೆ ಅಂತ ತುಂಬಿ ಕಳಿಸಿದ ಆರ್ಡರ್‌ಗಳನ್ನೂ ನಾನು ನೋಡಿದ್ದೇನೆ.

ಕಟ್ಟಿದವರು ಯಾರು ಅನ್ನುವುದು ಫ್ಲಾರಿಡಾದಲ್ಲಿ ಮುಖ್ಯ. ಅಲ್ಲಿ ನವೆಂಬರ್‌ನಲ್ಲಿ ಕಟ್ಟಿದರೆ 4% ರಿಯಾಯಿತಿ, ಆಮೇಲೆ ತಿಂಗಳಿಗೆ ಒಂದೊಂದು ಕಡಿಮೆ. ಏಪ್ರಿಲ್ ಒಂದಕ್ಕೆ ಬಾಕಿದಾರ. ನಂತರ ಆ ಬಾಕಿಯನ್ನು ಸರ್ಟಿಫಿಕೇಟ್ ಮಾಡಿ ಹರಾಜು ಹಾಕುತ್ತಾರೆ. ಯಾರೋ ಹೊರಗಿನವರು ಬಡ್ಡಿಗೋಸ್ಕರ ಆ ಹಣ ಕಟ್ಟುತ್ತಾರೆ. ಕೌಂಟಿಗೆ ದುಡ್ಡು ಬಂತು. ಮನೆಯವರ ಸಾಲ ಮಾತ್ರ ಹಾಗೇ ಇದೆ. ಎರಡು ವರ್ಷ ಬಿಡಿಸಿಕೊಳ್ಳದಿದ್ದರೆ ಸರ್ಟಿಫಿಕೇಟ್ ಇರುವವರು ಮನೆಯನ್ನೇ ಹರಾಜಿಗೆ ತರಿಸಬಹುದು.

ಇದು ಸಣ್ಣ ವಿಷಯ ಅಲ್ಲ. ಮಿನ್ನೆಸೋಟಾದ ಹೆನ್ನೆಪಿನ್ ಕೌಂಟಿಯಲ್ಲಿ ಜೆರಾಲ್ಡಿನ್ ಟೈಲರ್ ಅನ್ನುವ ವೃದ್ಧೆಯ ಮನೆಗೆ ಸುಮಾರು 2,300 ಡಾಲರ್ ತೆರಿಗೆ ಬಾಕಿ ಇತ್ತು. ದಂಡ, ಬಡ್ಡಿ, ಖರ್ಚು ಸೇರಿ 15,000 ಆಯಿತು. ಕೌಂಟಿ ಮನೆಯನ್ನು 40,000ಕ್ಕೆ ಮಾರಿ ಪೂರ್ತಿ ಹಣ ಇಟ್ಟುಕೊಂಡಿತು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆಕೆಯ ಪರ ತೀರ್ಪು ಕೊಟ್ಟಿತು. ಆಗ ಆಕೆಗೆ 94 ವರ್ಷ. ಹೊಸ ಬ್ಯಾಚ್ ಬಂದಾಗ ಮೊದಲ ದಿನ ನಾನು ಇದನ್ನೇ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಪಾಠ ಕೆಲಸದಲ್ಲಿ ಗೊತ್ತಿದ್ದರೂ, ಮನಸ್ಸಿಗೆ ನಾಟಿದ್ದು ಮನೆಯವರಿಂದ. ನಮ್ಮ ಚಿಕ್ಕಪ್ಪನ ಮಗಳು ಸ್ಯಾನ್ ಹೋಸೆಯಲ್ಲಿ ಅಕ್ಟೋಬರ್‌ನಲ್ಲಿ ಮನೆ ಕೊಂಡಳು. ಮುಂದಿನ ವರ್ಷ ಒಂದು ಬೆಳಿಗ್ಗೆ ಫೋನ್. "ಅಕ್ಕಾ, ಟ್ಯಾಕ್ಸ್ ಎಲ್ಲ ಬ್ಯಾಂಕಿನವರೇ ಕಟ್ತಾರೆ ಅಂದಿದ್ರು. ಈಗ ಏಳು ಸಾವಿರ ಡಾಲರ್ ಬಿಲ್ ಬಂದಿದೆ. ಸೈಟಲ್ಲಿ ನೋಡಿದ್ರೆ ಪೇಯ್ಡ್ ಅಂತಿದೆ. ಇದು ಮೋಸದ ಕಾಗದ ಅಲ್ವಾ?"

ಮೋಸ ಅಲ್ಲ. 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನಿನಿಂದ ಅಲ್ಲಿ ಮನೆ ಕೈ ಬದಲಾಗುವ ತನಕ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವ ಹಾಗಿಲ್ಲ. ಹಳೆ ಮಾಲೀಕರ ಲೆಕ್ಕದಲ್ಲಿ ಆ ಮನೆ 3 ಲಕ್ಷ ಡಾಲರ್. ಇವಳು ಕೊಟ್ಟಿದ್ದು 12 ಲಕ್ಷ. ಆ 9 ಲಕ್ಷದ ವ್ಯತ್ಯಾಸಕ್ಕೆ ಸಪ್ಲಿಮೆಂಟಲ್ ಬಿಲ್ ಅಂತ ಬೇರೆ ಬರುತ್ತದೆ. ದರ ಸುಮಾರು 1.2% ಹಿಡಿದರೆ ವರ್ಷಕ್ಕೆ 10,800. ನವೆಂಬರ್‌ನಿಂದ ಜೂನ್ ಮುಗಿಯುವ ತನಕ ಎಂಟು ತಿಂಗಳಿಗೆ 7,200. ಸೈಟಿನಲ್ಲಿ ಪೇಯ್ಡ್ ಅಂತ ಅವಳು ನೋಡಿದ್ದು ಮಾಮೂಲಿ ವಾರ್ಷಿಕ ಬಿಲ್ಲು. ಸಪ್ಲಿಮೆಂಟಲ್ ಬಿಲ್ಲು ಬ್ಯಾಂಕಿಗೆ ಹೋಗದೆ ಸೀದಾ ಮಾಲೀಕರಿಗೇ ಬರುತ್ತದೆ. ಬ್ಯಾಂಕು ತಿಂಗಳು ತಿಂಗಳು ಎತ್ತಿಡುವ ಹಣದಲ್ಲಿ ಸಾಮಾನ್ಯವಾಗಿ ಇದು ಸೇರಿರುವುದಿಲ್ಲ.

ಅವಳು ಹೆದರಿದ್ದು ಮಾತ್ರ ಸರಿ. ಮನೆ ಕೊಂಡ ಹೊಸತರಲ್ಲಿ ಸರ್ಕಾರದ ಕಾಗದದ ಹಾಗೆ ಕಾಣುವ ಚೀಟಿಗಳು ಬರುವುದುಂಟು. ಅದಕ್ಕೇ ಹೇಳಿದೆ: "ಆ ಕಾಗದದಲ್ಲಿರೋ ಲಿಂಕ್ ಒತ್ತಬೇಡ. ಕೌಂಟಿ ಸೈಟಿಗೆ ನೀನೇ ಹೋಗಿ ಪಾರ್ಸೆಲ್ ನಂಬರ್ ಹಾಕು. ಆನ್ಯುಯಲ್ ಬಿಲ್ ಕೆಳಗೆ ಸಪ್ಲಿಮೆಂಟಲ್ ಅಂತ ಬೇರೆ ಸಾಲು ಇರುತ್ತೆ ನೋಡು." ಫೋನ್ ಕಿವಿಯಲ್ಲಿಟ್ಟುಕೊಂಡೇ ನೋಡಿದಳು. ಇತ್ತು. ಎರಡು ಕಂತು, ಎರಡು ಗಡುವು, ಮೊದಲನೆಯದಕ್ಕೆ ಇನ್ನು ಹತ್ತೊಂಬತ್ತು ದಿನ. ಅಲ್ಲಿ ಗಡುವು ಮೀರಿದರೆ 10% ದಂಡ. ಅವಳು ಅವತ್ತೇ ಮೊದಲ ಕಂತು ಕಟ್ಟಿ ನನಗೆ ರಸೀದಿ ಕಳಿಸಿದಳು. ನಾನು ಅದರಲ್ಲಿ ಬಿಲ್ಲಿನ ನಂಬರ್ ಸಪ್ಲಿಮೆಂಟಲ್‌ದೇ ತಾನೇ ಅಂತ ನೋಡಿ, ಆಮೇಲೆ ಮಲಗಿದೆ.